ಕುದಿಸಿದರೂ ಹೋಗದ ಫ್ಲೋರೈಡ್

ಚಿಂತಾಮಣಿ ಸೀಮೆಯ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ, ಹಿರಿಯರಲ್ಲಿ ಬಾಗದ ಸೊಂಟ, ಬಿಗಿದ ಕೀಲು ಕಂಡಾಗ ಮೊದಲು ವಿಚಾರಿಸಬೇಕಾದುದು ಕುಡಿಯುವ ನೀರಿನ ಮೂಲವನ್ನು. ಕೆರೆ, ತೆರೆದ ಬಾವಿಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಕಲ್ಲಿನ ಬಿರುಕುಗಳಲ್ಲಿ ದೀರ್ಘಕಾಲ ತಂಗಿದ ನೀರು ಶಿಲೆಯ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ಜಲಮೂಲವಿಲ್ಲದಲ್ಲಿ 1.5ರವರೆಗೆ ಮಾತ್ರ.

“ಕಾಯಿಸಿ, ತಾಮ್ರದ ಬಿಂದಿಗೆಯಲ್ಲಿಟ್ಟು ಕುಡಿಯುತ್ತೇವೆ” ಎನ್ನುವ ಭಕ್ತರು ಅನೇಕರು. ಉಷ್ಣೋದಕದ ಗುಣವನ್ನು ಆಯುರ್ವೇದ ಹೇಳಿರುವುದು ನಿಜ. ಕುದಿಸಿದರೆ ರೋಗಾಣುಗಳೂ ಸಾಯುತ್ತವೆ. ಆದರೆ ಫ್ಲೋರೈಡ್ ಕರಗಿದ ಲವಣಾಂಶ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚು ಸಾಂದ್ರವಾಗುತ್ತದೆ. ತಾಮ್ರವಾಗಲಿ, ಸೋಸುವ ಬಟ್ಟೆಯಾಗಲಿ ಅದನ್ನು ತೆಗೆಯದು. ಮೂಳೆಗೆ ಸೇರಿ ಕೀಲು ಬಿಗಿದ ಮೇಲೆ ನಮ್ಮ ಕಷಾಯಗಳು ನೋವನ್ನು ತಗ್ಗಿಸಬಲ್ಲವೇ ಹೊರತು ಮೊದಲಿನಂತೆ ಮಾಡಲಾರವು.

ಆದುದರಿಂದ ಕುಡಿಯಲು ಮಾತ್ರವಲ್ಲ, ಅಡುಗೆಗೂ (ಬೇಳೆ ಬೇಯಿಸುವ ನೀರನ್ನು ಹಲವರು ಮರೆಯುತ್ತಾರೆ) ಊರಿನ ಶುದ್ಧ ನೀರಿನ ಘಟಕದ ನೀರನ್ನೋ, ಮೊದಲ ಮಳೆಯನ್ನು ಹರಿಯಬಿಟ್ಟು ಸೋಸಿ, ಸಂಗ್ರಹಿಸಿ, ಕುದಿಸಿದ ಚಾವಣಿಯ ನೀರನ್ನೋ ಬಳಸಬೇಕು. ಸ್ನಾನಕ್ಕೆ ಕೊಳವೆಬಾವಿಯ ನೀರಾದೀತು. ಮಕ್ಕಳಿಗೆ ಹಾಲು, ರಾಗಿ, ಸೊಪ್ಪು, ನೆಲ್ಲಿಕಾಯಿ ದಿನವೂ ಇರಲಿ. ಕಪ್ಪು ಉಪ್ಪು, ಕಡು ಚಹ, ಹೊಗೆಸೊಪ್ಪುಗಳಲ್ಲಿಯೂ ಫ್ಲೋರೈಡ್ ಉಂಟು. ನೀರನ್ನು ಪರೀಕ್ಷೆಗೆ ಕೊಡುವಾಗ ಗಾಜಿನ ಸೀಸೆ ಬೇಡ, ಶುಚಿಯಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ಯಿರಿ.