ಬಚ್ಚಲಕಟ್ಟೆಯ ಅಚ್ಚುಕಟ್ಟು

ಬನಶಂಕರಿಯ ಜಾತ್ರೆಗೆಂದು ಬಂದ ನಮ್ಮ ದೊಡ್ಡವ್ವ ಕೆರೂರಿನ ನಮ್ಮ ಮನೆಯಲ್ಲಿ ನಾಲ್ಕು ದಿನ ಉಳಿದಿದ್ದರು. ಪುಷ್ಯಮಾಸದ ಚಳಿ, ಅವರಿಗೆ ಕೆಮ್ಮು ಹತ್ತಿತ್ತು. ಒಂದು ದಿನ ನಸುಕಿನಲ್ಲಿ ಎದ್ದು ಬಚ್ಚಲಮನೆಗೆ ಹೋದವರು ಅಲ್ಲಿಯ ಕಟ್ಟೆಯ ಮೇಲಿದ್ದ ಕಂದುಬಣ್ಣದ ಸೀಸೆಯೊಂದನ್ನು ತೆಗೆದುಕೊಂಡು, ಅದರ ಮುಚ್ಚಳದಲ್ಲಿಯೇ ಒಂದಿಷ್ಟು ಅಳೆದು, ಇನ್ನೇನು ಬಾಯಿಗೆ ಹಾಕಿಕೊಳ್ಳಬೇಕು, ಅಷ್ಟರಲ್ಲಿ ಅದರ ವಾಸನೆ ಅವರನ್ನು ತಡೆಯಿತು. “ತಮ್ಮಾ, ಇದು ಔಷಧ ಅಲ್ಲೋ, ಫಿನಾಯಿಲ್ ಅದ!” ಎಂದು ಅವರು ಕೂಗಿದಾಗಲೇ ನಮಗೆ ಎಚ್ಚರವಾದುದು.

ತಪ್ಪು ಅವರದಲ್ಲ. ಬಿಡಿಯಾಗಿ ಕೊಂಡುತಂದ ಫಿನಾಯಿಲನ್ನು ಕೆಮ್ಮಿನ ಔಷಧದ ಬರಿದಾದ ಸೀಸೆಗೆ ತುಂಬಿದವರು ನಾವೇ. ಅದರ ಮೇಲೆ ಕಾಗದದ ಚೀಟಿಯನ್ನು ಅಂಟಿಸಿ ದಪ್ಪ ಅಕ್ಷರಗಳಲ್ಲಿ ಹೆಸರು ಬರೆದವರೂ ನಾವೇ. ಆದರೆ ಆ ಹೊತ್ತಿಗೆ ಚೀಟಿ ಸೀಸೆಯ ಮೇಲಿರಲಿಲ್ಲ. ಅದು ಎಂದೋ ನೆನೆದು, ಜಾರಿ, ಕಟ್ಟೆಯ ಮೂಲೆಯಲ್ಲಿ ಸಾಬೂನಿನ ಲೋಳೆಯೊಡನೆ ಕಲಸಿಹೋಗಿತ್ತು. ಪಕ್ಕದಲ್ಲಿದ್ದ ನಿಜವಾದ ಔಷಧದ ಸೀಸೆಯ ಚೀಟಿಯೂ ಅರ್ಧ ಕಿತ್ತುಹೋಗಿತ್ತು. ಹೆಸರಿಲ್ಲದ ಸೀಸೆಯನ್ನು ಮುಟ್ಟಬೇಡಿರೆಂದು ಪ್ರಯೋಗಶಾಲೆಯಲ್ಲಿ ವರ್ಷವರ್ಷವೂ ವಿದ್ಯಾರ್ಥಿಗಳನ್ನು ಗದರಿಸುವ ಅಧ್ಯಾಪಕರ ಮನೆಯ ಸ್ಥಿತಿ ಇದು!

ಕಟ್ಟೆಯನ್ನು ಅಂದೇ ಅಚ್ಚುಕಟ್ಟು ಮಾಡಬೇಕೆಂದು ನಿಶ್ಚಯಿಸಿದೆವು. ಮೊದಲು ಹೊಳೆದುದು ಪೇಟೆಯ ಉಪಾಯವೇ. ಬಾಗಲಕೋಟೆಯ ಅಂಗಡಿಗಳಲ್ಲಿ ಮೂರು ಅಂತಸ್ತಿನ ಉಕ್ಕಿನ ತಟ್ಟೆಗಳು, ಗೋಡೆಗೆ ಅಂಟುವ ಪ್ಲಾಸ್ಟಿಕ್ ಗೂಡುಗಳು, ಬಣ್ಣಬಣ್ಣದ ಬುಟ್ಟಿಗಳು ಬೇಕಾದಷ್ಟು ದೊರೆಯುತ್ತವೆ. ಬೆಲೆ ಕೇಳಿ ಹಿಂದಿರುಗಿದೆವು. ಹಾಗೆ ಹಿಂದಿರುಗಿದುದು ಒಳ್ಳೆಯದೇ ಆಯಿತು. ಹಣ ಉಳಿದುದಲ್ಲದೆ, ಕಟ್ಟೆಯನ್ನು ಒಂದು ವಾರ ಸುಮ್ಮನೆ ನೋಡುವ ಅವಕಾಶವೂ ದೊರೆಯಿತು.

ನಮ್ಮ ಕಟ್ಟೆಯೆಂದರೆ ಒಂದೂವರೆ ಮೊಳ ಉದ್ದ, ಗೇಣಿಗಿಂತ ತುಸು ಹೆಚ್ಚು ಅಗಲದ ಒಂದು ಕಲ್ಲಿನ ಚಪ್ಪಡಿ. ಗೋಡೆಯಿಂದ ಹೊರಚಾಚಿದ ಎರಡು ಕಲ್ಲುಗಳ ಮೇಲೆ ಅದನ್ನು ಹಾಸಿದೆ. ಅದರ ಮೇಲೆ ಮೈಸಾಬೂನು, ಬಟ್ಟೆಸಾಬೂನಿನ ತುಂಡು, ನಾಲ್ಕು ಬ್ರಷ್ಷುಗಳು, ಪೇಸ್ಟು, ಹಲ್ಲುಪುಡಿ, ಕೊಬ್ಬರಿಎಣ್ಣೆ, ಕತ್ತರಿಸಿದ ಶಾಂಪೂ ಪೊಟ್ಟಣಗಳು, ಕ್ಷೌರದ ಸಾಮಾನು, ಹಣಿಗೆ, ಅರಿಷಿಣದ ಡಬ್ಬಿ, ಔಷಧಗಳು, ಫಿನಾಯಿಲ್, ಬ್ಲೀಚಿಂಗ್ ಪುಡಿ ಇಷ್ಟೂ ಇದ್ದವು. ಇವುಗಳ ಸಂಖ್ಯೆಯೇ ಗೊಂದಲಕ್ಕೆ ಕಾರಣವೆಂದು ನಾವು ಭಾವಿಸಿದ್ದೆವು. ವಾರ ಕಳೆಯುವಷ್ಟರಲ್ಲಿ ಆ ಭಾವನೆ ಬದಲಾಯಿತು. ಅಡುಗೆಮನೆಯ ಗೂಡಿನಲ್ಲಿ ಇದರ ಎರಡರಷ್ಟು ಡಬ್ಬಿಗಳಿದ್ದರೂ ಅಲ್ಲಿ ಲೋಳೆಯಿಲ್ಲ, ತುಕ್ಕಿಲ್ಲ, ಕಳಚಿದ ಚೀಟಿಗಳಿಲ್ಲ. ಬಚ್ಚಲಿನ ಕಟ್ಟೆಯನ್ನು ಕೆಡಿಸುತ್ತಿದ್ದುದು ನೀರು. ಅದರಲ್ಲಿಯೂ ಕಣ್ಣಿಗೆ ಕಾಣದೆ ಸಾಮಾನುಗಳ ಅಡಿಯಲ್ಲಿ ಅಡಗಿ ಕುಳಿತ ನೀರು.

ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಸ್ನಾನವಾದ ಎರಡು ಗಂಟೆಗಳ ಬಳಿಕ ಕಟ್ಟೆಯನ್ನು ಮುಟ್ಟಿ ನೋಡಿರಿ. ಬಯಲಾಗಿರುವ ಭಾಗ ಒಣಗಿರುತ್ತದೆ. ಈಗ ಎಣ್ಣೆಯ ಸೀಸೆಯನ್ನು ಎತ್ತಿರಿ. ಅದರ ಕೆಳಗೆ ದುಂಡನೆಯ ಒದ್ದೆಯ ಗುರುತು ಇದ್ದೇ ಇರುತ್ತದೆ. ಸಂಜೆ ಎತ್ತಿ ನೋಡಿದರೂ ಇರುವುದುಂಟು.

ಇದೇಕೆ ಹೀಗೆ? ನೀರಿನ ಅಣುಗಳು ಪರಸ್ಪರ ಸೆಳೆಯುವುದರಿಂದ ಅದರ ಮೇಲ್ಮೈ ಬಿಗಿದ ಪೊರೆಯಂತೆ ವರ್ತಿಸುತ್ತದೆ; ಇದಕ್ಕೆ ಮೇಲ್ಮೈ ಎಳೆತವೆಂದು ಹೆಸರು. ಗಾಜನ್ನೂ ಕಲ್ಲನ್ನೂ ನೀರು ಅಪ್ಪಿಕೊಳ್ಳುತ್ತದೆ. ಈ ಎರಡು ಗುಣಗಳೂ ಕೂಡಿದಾಗ ನೀರು ಕಿರಿದಾದ ಸಂದುಗಳಿಗೆ ತಾನಾಗಿ ನುಗ್ಗುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಈ ಲೋಮನಾಳ ಕ್ರಿಯೆಯಿಂದಲೇ. ಒಂದು ಮಿಲಿಮೀಟರಿನ ಅಂತರದಲ್ಲಿ ನೆಟ್ಟಗೆ ನಿಲ್ಲಿಸಿದ ಎರಡು ಶುಭ್ರ ಗಾಜಿನ ಹಲಗೆಗಳ ನಡುವೆ ನೀರು ಸುಮಾರು ೧೫ ಮಿಲಿಮೀಟರ್ ಏರುತ್ತದೆ. ಅಂತರವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದರೆ ಏರಿಕೆ ಹತ್ತುಪಟ್ಟಾಗುತ್ತದೆ. ಗುರುತ್ವಾಕರ್ಷಣೆಯನ್ನೇ ಎದುರಿಸಿ ಇಷ್ಟು ಎತ್ತರಕ್ಕೆ ಏರಬಲ್ಲ ನೀರಿಗೆ ಸೀಸೆಯ ಕೆಳಗಿನ ಸಂದಿಗೆ ಅಡ್ಡಲಾಗಿ ತೂರಿಕೊಳ್ಳುವುದು ಏನು ಕಷ್ಟ?

ಒಳಹೊಕ್ಕ ನೀರು ಹೊರಬರುವ ಬಗೆ ಇನ್ನೂ ವಿಚಿತ್ರ. ಸೀಸೆಯ ಬುಡದ ವ್ಯಾಸ ೬ ಸೆಂಟಿಮೀಟರ್, ಅದರ ಕೆಳಗಿನ ನೀರಿನ ಪದರದ ದಪ್ಪ ೦.೧ ಮಿಲಿಮೀಟರ್ ಎಂದು ಇಟ್ಟುಕೊಳ್ಳೋಣ. ಈ ನೀರು ಬಯಲಿನಲ್ಲಿ ಹರಡಿದ್ದರೆ ಗಾಳಿಗೆ ತೆರೆದ ಅದರ ವಿಸ್ತೀರ್ಣ ಸುಮಾರು ೨೮ ಚದರ ಸೆಂಟಿಮೀಟರ್. ಸೀಸೆಯ ಕೆಳಗಿರುವಾಗ ಗಾಳಿ ಸೋಕುವುದು ಸುತ್ತಲಿನ ಅಂಚಿಗೆ ಮಾತ್ರ. ಅದರ ವಿಸ್ತೀರ್ಣ ಕೇವಲ ೦.೧೯ ಚದರ ಸೆಂಟಿಮೀಟರ್, ಎಂದರೆ ಸುಮಾರು ೧೫೦ರಲ್ಲಿ ಒಂದು ಪಾಲು. ಆವಿಯಾಗುವಿಕೆ ವಿಸ್ತೀರ್ಣವನ್ನೇ ನಿಖರವಾಗಿ ಅನುಸರಿಸುವುದಿಲ್ಲವಾದರೂ, ಬಯಲಿನ ನೀರು ಆರಿದಮೇಲೆ ಬಹಳ ಹೊತ್ತಿನವರೆಗೆ ಸೀಸೆಯ ಕೆಳಗಿನ ನೀರು ಏಕೆ ಉಳಿಯುತ್ತದೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಅಷ್ಟರಲ್ಲಿ ಮತ್ತೊಬ್ಬರ ಸ್ನಾನ ಪ್ರಾರಂಭವಾಗಿರುತ್ತದೆ!

ಸಾಬೂನು ಬೆರೆತ ನೀರಿನದಂತೂ ಬೇರೆಯೇ ಕಥೆ. ಶುದ್ಧ ನೀರು ಪ್ಲಾಸ್ಟಿಕ್ ಮೇಲೂ ಎಣ್ಣೆಜಿಡ್ಡಿನ ಮೇಲೂ ಹನಿಗಟ್ಟಿ ನಿಲ್ಲುತ್ತದೆ, ತುಸು ಓರೆಮಾಡಿದರೆ ಉರುಳಿಹೋಗುತ್ತದೆ. ಸಾಬೂನು ಸೇರಿದೊಡನೆ ಮೇಲ್ಮೈ ಎಳೆತ ಅರ್ಧಕ್ಕಿಂತ ಕೆಳಗಿಳಿದು, ಅದೇ ನೀರು ಎಲ್ಲೆಡೆಯೂ ತೆಳ್ಳಗೆ ಹರಡುತ್ತದೆ. ಇಂತಹ ಸಂಗತಿಗಳನ್ನು ಮೊದಲು ಅಳೆದು ನೋಡಿದವರಲ್ಲಿ ಒಬ್ಬಾಕೆಯ ಹೆಸರನ್ನು ನಮ್ಮ ವಿದ್ಯಾರ್ಥಿನಿಯರು ಅವಶ್ಯವಾಗಿ ತಿಳಿದಿರಬೇಕು. ಜರ್ಮನಿಯ ಬ್ರೌನ್‌ಶ್ವೈಗ್ ನಗರದ ಆಗ್ನೆಸ್ ಪೊಕೆಲ್ಸ್ ೧೮೬೨ರಲ್ಲಿ ಹುಟ್ಟಿದವರು. ಆ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ತಂದೆತಾಯಿಗಳ ಶುಶ್ರೂಷೆಯನ್ನೂ ಮನೆಗೆಲಸವನ್ನೂ ಮಾಡುತ್ತ, ಪಾತ್ರೆ ತೊಳೆಯುವ ನೀರಿನ ಮೇಲೆ ಜಿಡ್ಡು ನಡೆಸುವ ಆಟವನ್ನು ಅವರು ಗಮನಿಸಿದರು. ತಗಡಿನ ತೊಟ್ಟಿಯೊಂದನ್ನು ಮಾಡಿಕೊಂಡು ಅಡುಗೆಮನೆಯಲ್ಲಿಯೇ ಮೇಲ್ಮೈ ಎಳೆತವನ್ನು ಅಳೆದರು. ೧೮೯೧ರಲ್ಲಿ ಅವರು ಬರೆದ ಪತ್ರವನ್ನು ಇಂಗ್ಲೆಂಡಿನ ಭೌತವಿಜ್ಞಾನಿ ರ‍್ಯಾಲೆ ಪ್ರಭುಗಳು ಓದಿ, ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಿದರು. ಪ್ರಯೋಗಶಾಲೆಯಿಲ್ಲವೆಂದು ಕೊರಗುವ ಕಾಲೇಜುಗಳಲ್ಲಿ ಈ ತೊಟ್ಟಿಯ ಚಿತ್ರವನ್ನಾದರೂ ತೂಗುಹಾಕಬೇಕೆಂದು ನಮಗೆ ಆಗಾಗ ಅನ್ನಿಸುವುದುಂಟು.

ಇನ್ನು ಉಪಾಯಕ್ಕೆ ಬರೋಣ. ಸಮತಲದ ಮೇಲೆ ನಿಂತ ನೀರಿನ ಪದರಕ್ಕೂ ಒಂದು ಮಿತಿಯಿದೆ. ಮೇಲ್ಮೈ ಎಳೆತಕ್ಕೂ ಗುರುತ್ವಾಕರ್ಷಣೆಗೂ ನಡೆಯುವ ಜಗ್ಗಾಟದಲ್ಲಿ ನೀರಿಗೆ ೨.೭ ಮಿಲಿಮೀಟರಿನ ಒಂದು ಸಹಜ ಅಳತೆ ದೊರೆಯುತ್ತದೆ. ನೆಲದ ಮೇಲೆ ಚೆಲ್ಲಿದ ನೀರು ಎಷ್ಟೇ ಉಬ್ಬಿ ನಿಂತರೂ ಇದರ ಎರಡರಷ್ಟಕ್ಕಿಂತ, ಎಂದರೆ ಸುಮಾರು ೫ ಮಿಲಿಮೀಟರಿಗಿಂತ, ಹೆಚ್ಚು ಎತ್ತರ ನಿಲ್ಲಲಾರದು. ಆದುದರಿಂದ ಸಾಮಾನುಗಳನ್ನು ಕಟ್ಟೆಯಿಂದ ಒಂದು ಸೆಂಟಿಮೀಟರ್ ಮೇಲಕ್ಕೆ ಎತ್ತಿ ಇರಿಸಿದರೆ ಸಾಕು, ಕೆಳಗಿನ ನೀರು ಅವುಗಳನ್ನು ಮುಟ್ಟದು. ನಡುವೆ ಗಾಳಿಯೂ ಆಡುತ್ತದೆ. ನೀರು ಕುಡಿದು ಎಸೆಯುವ ಪ್ಲಾಸ್ಟಿಕ್ ಬಾಟಲಿಗಳ ಮುಚ್ಚಳಗಳು ಇದಕ್ಕೆ ಸರಿಯಾದ ಎತ್ತರದವು. ಹಳೆಯ ಪ್ಲಾಸ್ಟಿಕ್ ತಟ್ಟೆಯೊಂದಕ್ಕೆ ಕಾಯಿಸಿದ ಮೊಳೆಯಿಂದ ಹತ್ತಾರು ತೂತುಗಳನ್ನು ಮಾಡಿ, ನಾಲ್ಕು ಮೂಲೆಗಳಲ್ಲಿ ನಾಲ್ಕು ಮುಚ್ಚಳಗಳನ್ನು ಅಂಟಿಸಿದೆವು. ಸೀಸೆಗಳೆಲ್ಲ ಅದರ ಮೇಲೆ ನಿಂತವು. ತೂತುಗಳು ಬಟಾಣಿಯಷ್ಟು ದೊಡ್ಡವಿರಲಿ. ಸೂಜಿಯ ತೂತಾದರೆ ನೀರು ಅದರಲ್ಲಿಯೇ ಸಿಕ್ಕಿಕೊಳ್ಳುತ್ತದೆ. ನಾವು ಮೊದಲು ಸೂಜಿಯ ತೂತುಗಳನ್ನೇ ಮಾಡಿ ಒಂದು ತಟ್ಟೆಯನ್ನು ಹಾಳುಮಾಡಿದೆವೆಂಬುದನ್ನು ಮರೆಮಾಚುವುದಿಲ್ಲ. ಬ್ರಷ್ಷುಗಳಿಗೆಂದು ಇದೇ ರೀತಿ ಬುಡ ತೂತುಮಾಡಿದ ಅರ್ಧ ಬಾಟಲಿಯೊಂದನ್ನು ಗೋಡೆಗೆ ತೂಗುಹಾಕಿದೆವು.

ಸಾಬೂನಿಗೆ ತಟ್ಟೆಯೂ ಬೇಕಿಲ್ಲ. ಒಣಗಿದ ಹೀರೇಕಾಯಿಯ ನಾರು ಅದಕ್ಕೆ ಎಲ್ಲಕ್ಕಿಂತ ಉತ್ತಮವಾದ ಹಾಸಿಗೆ. ಒಂದೇ ಸಾಬೂನನ್ನು ದಾರದಿಂದ ಎರಡು ಹೋಳು ಮಾಡಿ, ಒಂದನ್ನು ಬರಿಯ ಕಲ್ಲಿನ ಮೇಲೂ ಇನ್ನೊಂದನ್ನು ನಾರಿನ ಮೇಲೂ ಇಟ್ಟು, ಸರದಿಯಂತೆ ಎರಡನ್ನೂ ಬಳಸಿದೆವು. ಕಲ್ಲಿನ ಮೇಲಿನದು ಅಡಿಯಲ್ಲಿ ಬೆಣ್ಣೆಯಂತಾಯಿತು. ನಾರಿನ ಮೇಲಿನದು ಗಟ್ಟಿಯಾಗಿಯೇ ಇದ್ದಿತು. ವಿದ್ಯಾರ್ಥಿಗಳು ದಿನದಿನದ ತೂಕವನ್ನು ಬರೆದಿಟ್ಟು ನಕ್ಷೆ ಎಳೆದರೆ ಅದೊಂದು ಸೊಗಸಾದ ಪ್ರಯೋಗವಾದೀತು. ಎರಡನ್ನೂ ಸಮನಾಗಿ ಒಣಗಿಸಿಯೇ ತೂಗಬೇಕೆಂಬುದನ್ನು ಮರೆಯಬಾರದು.

ಕಟ್ಟೆಯ ಕಲ್ಲಿನ ವಿಷಯವಾಗಿ ಒಂದು ಮಾತು. ನಮ್ಮ ಸೀಮೆ ಕಲ್ಲುಗಳ ಸೀಮೆ. ಬಾದಾಮಿಯ ಕೆಂಪು ಮರಳುಗಲ್ಲಿನ ಪದರಗಳ ಒಂದು ವಿಭಾಗಕ್ಕೆ ಭೂವಿಜ್ಞಾನಿಗಳು ನಮ್ಮ ಕೆರೂರಿನ ಹೆಸರನ್ನೇ ಕೊಟ್ಟಿದ್ದಾರೆ. ಬಾದಾಮಿಯ ಗುಹಾಲಯಗಳನ್ನು ಕೊರೆದ ಕಲ್ಲೂ ಅದರಲ್ಲಿ ಸೇರಿದೆ. ಇಲಕಲ್ಲಿನ ಕೆಂಪು ಗ್ರಾನೈಟು ದೂರದೂರದ ದೇಶಗಳಿಗೂ ಹೋಗುತ್ತದೆ. ಆದರೆ ಬಚ್ಚಲುಗಳಲ್ಲಿ ಹೆಚ್ಚಾಗಿ ಕಾಣುವುದು ಅಗ್ಗವಾದ ಶಹಾಬಾದ ಕಲ್ಲು. ಮರಳುಗಲ್ಲಿನ ಕಣಗಳ ನಡುವೆ ಸೂಕ್ಷ್ಮ ರಂಧ್ರಗಳಿರುವುದರಿಂದ ಅದು ನೀರನ್ನು ಹೀರುತ್ತದೆ. ನಯಮಾಡಿದ ಗ್ರಾನೈಟು ಬಹುಮಟ್ಟಿಗೆ ಹೀರದು. ಶಹಾಬಾದ ಕಲ್ಲಾದರೋ ಸುಣ್ಣಕಲ್ಲಿನ ಜಾತಿಯದು, ಅದಕ್ಕೆ ಆಮ್ಲವೆಂದರೆ ಆಗದು.

ಇದನ್ನು ಹೇಳಲು ಕಾರಣವಿದೆ. ನಮ್ಮ ಕೊಳವೆಬಾವಿಯ ನೀರು ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಲವಣಗಳು ನೀರು ಆರಿದಾಗ ಬಿಳಿಯ ಬಳೆಗಳಂತೆ ಸೀಸೆಯ ಸುತ್ತ ಉಳಿಯುತ್ತವೆ. ಸಾಬೂನಿನೊಡನೆ ಸೇರಿದರೆ ನೀರಿನಲ್ಲಿ ಕರಗದ ಬೂದುಬಣ್ಣದ ಜಿಡ್ಡಾಗುತ್ತವೆ. ಗ್ರಾನೈಟಿನ ಮೇಲಿನ ಬಿಳಿಯ ಕಲೆಯನ್ನು ಹುಣಿಸೆಹುಳಿಯಿಂದಲೋ ಹಿಂಡಿದ ನಿಂಬೆಹೋಳಿನಿಂದಲೋ ತಿಕ್ಕಿ ತೆಗೆಯಬಹುದು. ಅದೇ ಹುಳಿಯನ್ನು ಶಹಾಬಾದ ಕಲ್ಲಿಗೋ ಕಪ್ಪು ಕಡಪ ಕಲ್ಲಿಗೋ ಹಾಕಿದರೆ ಕಲೆಯ ಜೊತೆಗೆ ಕಲ್ಲಿನ ನಯವೂ ಹೋಗುತ್ತದೆ. ಕಲ್ಲು ಯಾವುದೆಂಬ ಸಂಶಯವಿದ್ದರೆ ಕಾಣದ ಮೂಲೆಯಲ್ಲಿ ತುಸು ಕೆರೆದು, ಆ ಪುಡಿಯ ಮೇಲೆ ನಿಂಬೆರಸದ ಹನಿಯನ್ನು ಬಿಟ್ಟು ನೋಡಿರಿ. ಸಣ್ಣ ಗುಳ್ಳೆಗಳು ಎದ್ದರೆ ಅದು ಸುಣ್ಣಕಲ್ಲು. ಅಂತಹ ಕಟ್ಟೆಯನ್ನು ದಿನವೂ ಒರೆಸಿ ಒಣಗಿಸುವುದೊಂದೇ ದಾರಿ.

ಇಷ್ಟಾದರೂ ದೊಡ್ಡವ್ವನ ಸೀಸೆಯ ಸಮಸ್ಯೆ ತೀರಲಿಲ್ಲ. ಗಾಳಿಯ ವಿಚಾರ ಇನ್ನೂ ಉಳಿದಿತ್ತು. ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರ್ ಗಾಳಿ ಸುಮಾರು ೧೭ ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲುದು. ೪೦ ಡಿಗ್ರಿಯಲ್ಲಿ ಅದು ೫೧ ಗ್ರಾಂ ಹಿಡಿದೀತು. ಹಂಡೆಯ ಬಿಸಿನೀರಿನ ಹಬೆ ಚಳಿಗಾಲದ ತಣ್ಣನೆಯ ಸೀಸೆಗೆ ತಗುಲಿದಾಗ ಹೆಚ್ಚಿನ ಆವಿ ಹನಿಯಾಗಿ ಇಳಿಯುತ್ತದೆ. ನೀರು ಎರಚದಿದ್ದರೂ ಚೀಟಿ ನೆನೆಯುವುದು ಹೀಗೆ. ಆದಕಾರಣ ಔಷಧಗಳಿಗೆ ಬಚ್ಚಲಿನಲ್ಲಿ ಸ್ಥಳವಿಲ್ಲ. ಆಸ್ಪಿರಿನ್ ಗುಳಿಗೆಗಳಂತೂ ತೇವದಲ್ಲಿ ವಿಭಜನೆಗೊಂಡು ಅಸಿಟಿಕ್ ಆಮ್ಲವನ್ನು ಬಿಡುತ್ತವೆ. ಸೀಸೆ ತೆರೆದಾಗ ವಿನಿಗರಿನ ಹುಳಿವಾಸನೆ ಬಂದರೆ ಆ ಗುಳಿಗೆ ಕೆಟ್ಟಿತೆಂದು ತಿಳಿಯಬೇಕು. ನಮ್ಮ ಔಷಧಗಳೆಲ್ಲವೂ ಈಗ ಮಲಗುವ ಕೋಣೆಯ ಎತ್ತರದ ಮಾಡದಲ್ಲಿವೆ.

ಬ್ಲೀಚಿಂಗ್ ಪುಡಿಯನ್ನೂ ಪಾಯಿಖಾನೆ ತೊಳೆಯುವ ಆಮ್ಲವನ್ನೂ ನಾವು ಒಂದೇ ಮೂಲೆಯಲ್ಲಿ ಒತ್ತೊತ್ತಾಗಿ ಇಟ್ಟಿದ್ದೆವು. ಇದನ್ನು ಬರೆಯುವಾಗಲೂ ಮೈ ಜುಮ್ಮೆನ್ನುತ್ತದೆ. ಎರಡೂ ಬೆರೆತರೆ ಹುಟ್ಟುವುದು ಕ್ಲೋರಿನ್ ಅನಿಲ. ೧೯೧೫ರ ಏಪ್ರಿಲ್ ೨೨ರಂದು ಬೆಲ್ಜಿಯಮ್ಮಿನ ಈಪ್ರ್ ಬಳಿಯ ರಣರಂಗದಲ್ಲಿ ಸೈನಿಕರ ಮೇಲೆ ಹರಿಯಬಿಟ್ಟುದು ಇದೇ ಅನಿಲವನ್ನು. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದರ ಸ್ವಲ್ಪಾಂಶವೂ ಶ್ವಾಸಕೋಶವನ್ನು ಸುಡಬಲ್ಲುದು. ಪುಡಿಯ ಡಬ್ಬಿ ಈಗ ಹಿತ್ತಿಲ ಕೋಣೆಯಲ್ಲಿದೆ, ಆಮ್ಲ ಪಾಯಿಖಾನೆಯ ಬಳಿಯ ಬೀಗದ ಪೆಟ್ಟಿಗೆಯಲ್ಲಿದೆ. ಫಿನಾಯಿಲ್ ಸೀಸೆಯನ್ನು ಒಡೆದುಹಾಕಿದೆವು. ಹೊಸದನ್ನು ಅದರದೇ ಡಬ್ಬಿಯಲ್ಲಿ ಕೊಳ್ಳುತ್ತೇವೆ. ತಿನ್ನುವ, ಕುಡಿಯುವ ವಸ್ತುವಿದ್ದ ಪಾತ್ರೆಗೆ ಇಂಥವನ್ನು ತುಂಬುವುದೇ ಇಲ್ಲ.

ಕೊನೆಗೆ ಉಳಿದುದು ಚಪ್ಪಡಿ. ಅದು ಗೋಡೆಯ ಕಡೆಗೇ ತುಸು ಇಳಿಜಾರಾಗಿದ್ದುದರಿಂದ ನೀರೆಲ್ಲ ಹಿಂದಿನ ಮೂಲೆಯಲ್ಲಿ ಸೇರುತ್ತಿತ್ತು. ಗೌಂಡಿಯನ್ನು ಕರೆಸಿ, ಹಿಂಬದಿಗೆ ಎರಡು ಹಂಚಿನ ಚೂರುಗಳನ್ನು ಕೊಡಿಸಿ, ಮುಂದಕ್ಕೆ ೫೦ಕ್ಕೆ ೧ರಂತೆ ಇಳಿಜಾರು ಮಾಡಿಸಿದೆವು. ಮುಂದಿನ ಅಂಚಿನ ಅಡಿಯಲ್ಲಿ ಉದ್ದಕ್ಕೂ ಬೆರಳು ಹಿಡಿಯುವಷ್ಟು ಗಾಡಿಯೊಂದನ್ನು ಕೊರೆಯಲು ಹೇಳಿದೆವು. ಅಂಚಿಗೆ ಬಂದ ನೀರು ಕಲ್ಲನ್ನು ಅಪ್ಪಿಕೊಂಡು ಅಡಿಮೈಯಲ್ಲಿ ಹಿಂದಕ್ಕೆ ಹರಿದು ಗೋಡೆ ಸೇರುವ ಬದಲು ಆ ಗಾಡಿಯ ಬಳಿ ತುಂಡಾಗಿ ತೊಟ್ಟಿಕ್ಕುತ್ತದೆ. “ಕಿಟಕಿ ಸಜ್ಜಾಕ್ಕ ಹಿಂಗ ಮಾಡತೀವ್ರೀ ಸರ, ಬಚ್ಚಲದಾಗ ಯಾರೂ ಕೇಳಿದ್ದಿಲ್ಲ” ಎಂದು ಆತ ನಕ್ಕ. ಆತನ ಅರ್ಧ ದಿನದ ಕೂಲಿಯೇ ಈ ಎಲ್ಲ ಏರ್ಪಾಡಿನಲ್ಲಿ ನಮಗೆ ತಗುಲಿದ ದೊಡ್ಡ ಖರ್ಚು.

ಮರುವರ್ಷದ ಜಾತ್ರೆಗೆ ದೊಡ್ಡವ್ವ ಮತ್ತೆ ಬಂದರು. ಸ್ನಾನ ಮುಗಿಸಿ ಬಂದವರು ಹೀರೇಕಾಯಿಯ ನಾರನ್ನು ಕೈಯಲ್ಲಿ ಹಿಡಿದುಕೊಂಡಿದ್ದರು. “ಮೈ ತಿಕ್ಕೋ ನಾರಿನ ಮ್ಯಾಲೆ ಸಾಬೂನ ಯಾಕ ಇಟ್ಟೀರೋ ತಮ್ಮಾ?” ಎಂದು ಕೇಳಿದರು. ನಾವು ಲೋಮನಾಳ ಕ್ರಿಯೆಯನ್ನು ವಿವರಿಸತೊಡಗಿದೆವು. ಅವರು ಅರ್ಧ ಕೇಳಿ, ಕೆಮ್ಮಿನ ಔಷಧ ಎಲ್ಲಿದೆಯೆಂದು ವಿಚಾರಿಸಿ, ಮಾಡದ ಕಡೆಗೆ ನಡೆದರು.