ಮಂಡಿ ನೋಯಬಾರದು, ಕಾಲೂ ಸೋಲಬಾರದು

ಮಂಡಿ ಬದಲಾಯಿಸೋ ಆಪರೇಷನ್ ಅಂದ ಕೂಡಲೇ ನಮ್ಮ ಕಡೆ ಎದ್ದೇಳೋ ಪ್ರಶ್ನೆ ಎರಡೇ: ಎಷ್ಟು ಖರ್ಚಾಗುತ್ತೆ, ಡಾಕ್ಟರ್ ಯಾರು? ಆಪರೇಷನ್ ಆದ ಮೇಲಿನ ಎರಡು ಮೂರು ದಿನದ ನೋವನ್ನು ಹೇಗೆ ತಡೀತಾರೆ ಅಂತ ಕೇಳುವವರು ಕಡಿಮೆ. ಶಿಕಾರಿಪುರದ ನಮ್ಮತ್ತೆ, ಸೊರಬದ ನಮ್ಮ ದೊಡ್ಡಮ್ಮ ಇಬ್ಬರಿಗೂ ಒಂದೇ ವರ್ಷ ಶಿವಮೊಗ್ಗದಲ್ಲಿ ಈ ಆಪರೇಷನ್ ಆಯಿತು. ಆಸ್ಪತ್ರೆ ಬೇರೆ ಬೇರೆ, ರಾತ್ರಿ ಜೊತೆಗಿದ್ದವಳು ಮಾತ್ರ ನಾನೇ. ಹಾಗಾಗಿ ಎರಡು ವಿಧಾನವನ್ನೂ ಹತ್ತಿರದಿಂದ ನೋಡಿದೆ.

ಇಬ್ಬರಿಗೂ ತೊಡೆಯಲ್ಲಿ ನರದ ಪಕ್ಕ ಒಂದು ಕ್ಯಾಥೆಟರ್ ಇಟ್ಟಿದ್ದರು. ಕ್ಯಾಥೆಟರ್ ಅಂದರೆ ನಮಗೆ ಮೂತ್ರದ ನಳಿಕೆಯೇ ನೆನಪಾಗೋದು. ಇದು ಅದಲ್ಲ, ಗಾಳದ ದಾರದಷ್ಟು ಸಪೂರವಾದ ನಳಿಕೆ. ಸೂಜಿಯ ಮೂಲಕ ನರದ ಬಳಿ ತೂರಿಸಿ, ಸೂಜಿ ತೆಗೆದು, ನಳಿಕೆಯನ್ನು ಚರ್ಮಕ್ಕೆ ಅಂಟಿಸುತ್ತಾರೆ. ಪಂಪಿನಿಂದ ಮರಗಟ್ಟಿಸುವ ಔಷಧ ಗಂಟೆಗೆ ಕೆಲವೇ ಮಿಲಿಲೀಟರಿನಂತೆ ಇಳಿಯುತ್ತಿರುತ್ತದೆ. ಒಂದೇ ಇಂಜೆಕ್ಷನ್ ಕೊಟ್ಟರೆ ಹೆಚ್ಚೆಂದರೆ ಒಂದು ದಿನ ತಡೆಯುತ್ತೆ, ಮಂಡಿಯ ಜೋರು ನೋವು ಅದಕ್ಕಿಂತ ಹೆಚ್ಚು ದಿನ ಇರುತ್ತೆ. ಈ ಯೋಚನೆ ಹೊಸದೂ ಅಲ್ಲ. 1946ರಲ್ಲೇ ಆನ್ಸ್‌ಬ್ರೋ ಎಂಬ ಅಮೆರಿಕದ ವೈದ್ಯರು ತೋಳಿನ ನರಗಳಿಗೆ ಹೀಗೆ ಬಿಡದೆ ಔಷಧ ಕೊಟ್ಟದ್ದನ್ನು ವರದಿ ಮಾಡಿದ್ದರು.

ಅತ್ತೆಗೆ ನಳಿಕೆ ಇಟ್ಟದ್ದು ತೊಡೆಸಂದಿನಲ್ಲಿ, ಫೆಮೋರಲ್ ನರದ ಪಕ್ಕ. ನರ ಹುಡುಕಿದ್ದು ಒಂದು ಪುಟ್ಟ ಕರೆಂಟಿನ ಯಂತ್ರದಿಂದ. ಸೂಜಿಯ ತುದಿಯಲ್ಲಿ ತೀರಾ ಕಡಿಮೆ ವಿದ್ಯುತ್ ಹರಿಸುತ್ತಾರೆ. ನರ ಹತ್ತಿರವಾದರೆ ತೊಡೆಯ ಸ್ನಾಯು ಅದುರಿ ಮಂಡಿಚಿಪ್ಪು ಕುಣಿಯುತ್ತೆ. ವಿದ್ಯುತ್ತನ್ನು ಅರ್ಧ ಮಿಲಿಆಂಪಿಯರಿನಷ್ಟಕ್ಕೆ ಇಳಿಸಿದರೂ ಕುಣಿತ ನಿಲ್ಲದಿದ್ದರೆ ಜಾಗ ಸಿಕ್ಕಿತು ಅಂತ ಲೆಕ್ಕ. ಅತ್ತೆ ಆ ರಾತ್ರಿ ಗೊರಕೆ ಹೊಡೆದು ಮಲಗಿದರು. ಬೆಳಿಗ್ಗೆ ಮಾತ್ರ, "ನೋವೇನಿಲ್ಲ ಕಣೇ, ಆದ್ರೆ ಈ ಕಾಲು ನಂದು ಅನ್ನಿಸ್ತಿಲ್ಲ" ಅಂದರು. ಎದ್ದು ನಿಲ್ಲಿಸಿದಾಗ ಮಂಡಿ ಮಡಚಿಕೊಂಡು ಕುಸಿದೇಬಿಟ್ಟಿತು. ನರ್ಸ್, ಫಿಸಿಯೋಥೆರಪಿಸ್ಟ್ ಇಬ್ಬರೂ ಹಿಡಿದಿದ್ದರಿಂದ ಬೀಳಲಿಲ್ಲ. ಇದು ಯಾರ ತಪ್ಪೂ ಅಲ್ಲ, ಆ ನರದ ಗುಣವೇ ಹಾಗೆ. ಮಂಡಿಯ ನೋವನ್ನು ಹೊರುವ ಅದೇ ನರ ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿಗೂ ಶಕ್ತಿ ಕೊಡುತ್ತೆ.

ದೊಡ್ಡಮ್ಮನಿಗೆ ಇಟ್ಟದ್ದು ಇನ್ನೂ ಕೆಳಗೆ, ತೊಡೆಯ ಒಳಮಗ್ಗುಲಿನ ನಡುವೆ, ಅಡಕ್ಟರ್ ಕೆನಾಲ್ ಅನ್ನುವ ಜಾಗದಲ್ಲಿ. ಸ್ನಾಯುಗಳಿಗೆ ಹೋಗುವ ಕವಲುಗಳಲ್ಲಿ ಹೆಚ್ಚಿನವು ಅಷ್ಟರಲ್ಲಿ ಒಡೆದು ಹೋಗಿರುತ್ತವೆ. ಉಳಿಯುವ ಮುಖ್ಯ ನರ ಸಫೀನಸ್, ಅದಕ್ಕೆ ಸ್ಪರ್ಶ ಮತ್ತು ನೋವಿನ ಕೆಲಸ ಮಾತ್ರ. ಕುಣಿಸಲು ಸ್ನಾಯುವೇ ಇಲ್ಲದ ನರವನ್ನು ಕರೆಂಟಿನಿಂದ ಹುಡುಕೋದು ಹೇಗೆ? ಅಲ್ಲಿ ಅಲ್ಟ್ರಾಸೌಂಡ್ ಸ್ಕ್ಯಾನ್ ಬೇಕಾಗುತ್ತೆ. ರಕ್ತನಾಳ, ಸೂಜಿಯ ತುದಿ, ಔಷಧ ಹರಡುವುದು ಎಲ್ಲ ಪರದೆಯ ಮೇಲೆ ಕಾಣುತ್ತೆ. ದೊಡ್ಡಮ್ಮ ಮಾರನೇ ದಿನವೇ ವಾಕರ್ ಹಿಡಿದು ಬಾತ್‌ರೂಮಿಗೆ ಹೋದರು. ಗೊಣಗಾಟ ಇಲ್ಲದಿರಲಿಲ್ಲ: "ಮುಂದ್ಗಡೆ ಏನಿಲ್ಲ, ಮಂಡಿ ಹಿಂದ್ಗಡೆ ಹಿಡೀತದೆ." ಅದೂ ನಿಜ. ಮಂಡಿಯ ಹಿಂಭಾಗಕ್ಕೆ ಬೇರೆ ನರಗಳಿವೆ, ಅದಕ್ಕೆ ಮಾತ್ರೆಯೋ ಇನ್ನೊಂದು ಇಂಜೆಕ್ಷನ್ನೋ ಬೇಕು.

ನೋವು ಕಡಿಮೆ ಮಾಡೋದರಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ, ಕಾಲಿನ ಬಲ ಉಳಿಸೋದರಲ್ಲಿ ಎರಡನೆಯದು ಮೇಲು ಅಂತ ಅಧ್ಯಯನಗಳೂ ಹೇಳುತ್ತವೆ. ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ನಾನಂತೂ ಎರಡನೆಯದನ್ನೇ ಕೇಳುತ್ತೇನೆ. ಸ್ಕ್ಯಾನ್ ಇದ್ದರೆ ಚುಚ್ಚೋದು ಕಡಿಮೆ, ರಕ್ತನಾಳಕ್ಕೆ ಸೂಜಿ ತಾಗೋ ಸಂಭವವೂ ಕಡಿಮೆ. ಆದರೆ ನರಕ್ಕೆ ಪೆಟ್ಟಾಗೋದೇ ಇಲ್ಲ ಅನ್ನೋ ಹಾಗಿಲ್ಲ. ಅಂಥದ್ದು ಎರಡರಲ್ಲೂ ಅಪರೂಪ, ಪಳಗಿದ ಕೈ ಮುಖ್ಯ.

ಹಾಗಿದ್ದರೆ ಎಲ್ಲ ಊರಲ್ಲೂ ಸ್ಕ್ಯಾನ್ ಯಾಕಿಲ್ಲ? ದುಡ್ಡು ಒಂದು ಕಾರಣ. ಇನ್ನೊಂದು, ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಬಂದ ಕಾನೂನು. ಅಲ್ಟ್ರಾಸೌಂಡ್ ಯಂತ್ರಕ್ಕೆ ನೋಂದಣಿ ಕಡ್ಡಾಯ. ನರ ಹುಡುಕಲೆಂದೇ ತಂದರೂ ಅದನ್ನು ಬ್ಯಾಗಿನಲ್ಲಿಟ್ಟು ಆಸ್ಪತ್ರೆಯಿಂದ ಆಸ್ಪತ್ರೆಗೆ ಒಯ್ಯುವಂತಿಲ್ಲ. ತಾಲ್ಲೂಕು ಊರುಗಳಿಗೆ ಬಂದು ಹೋಗುವ ಅರಿವಳಿಕೆ ವೈದ್ಯರು ಕರೆಂಟಿನ ಯಂತ್ರವನ್ನೇ ನೆಚ್ಚಿಕೊಂಡರೆ ಆಶ್ಚರ್ಯವೇನು? ಕಾನೂನು ಬೇಡ ಅಂತ ನಾನು ಹೇಳಲಾರೆ. ಹೆಣ್ಣುಮಕ್ಕಳ ಲೆಕ್ಕ ನೋಡಿದವರು ಯಾರೂ ಹೇಳಲಾರರು.

ನಳಿಕೆ ಎಲ್ಲೇ ಇಟ್ಟಿರಲಿ, ಜೊತೆಗಿರುವವರಿಗೆ ಕೆಲಸ ಇದೆ. ರೋಗಿ ಒಬ್ಬರೇ ಎದ್ದೇಳಬಾರದು. ಮರಗಟ್ಟಿದ ಕಾಲಿಗೆ ಬಿಸಿನೀರಿನ ಚೀಲ ಖಂಡಿತ ಬೇಡ, ಸುಟ್ಟರೂ ಗೊತ್ತಾಗಲ್ಲ. ಪಟ್ಟಿ ಒದ್ದೆಯಾದರೆ ನಳಿಕೆ ಜಾರಿರಬಹುದು, ಕೆಂಪಾದರೆ ಸೋಂಕಿರಬಹುದು. ನಾಲಗೆ ಜೋಮು ಹಿಡಿದರೆ, ಬಾಯಲ್ಲಿ ಲೋಹದ ರುಚಿ ಬಂದರೆ, ಕಿವಿ ಗುಂಯ್ ಅಂದರೆ ಆ ಕ್ಷಣವೇ ನರ್ಸನ್ನು ಕೂಗಿ. ಔಷಧ ರಕ್ತಕ್ಕೆ ಹೆಚ್ಚಾಗಿ ಸೇರಿದ ಲಕ್ಷಣ ಅದು. ರಕ್ತ ತೆಳುವಾಗೋ ಮಾತ್ರೆ ತಗೊಳ್ತಿದ್ದರೆ ನಳಿಕೆ ಹಾಕುವ ಮೊದಲೇ ಹೇಳಿ.

ನಮ್ಮಿಬ್ಬರಿಗೂ ಮೂರನೇ ದಿನ ನಳಿಕೆ ತೆಗೆದರು. ಮರಗಟ್ಟಿದ್ದು ಬಿಡೋಕೆ ಮುಂಚೆಯೇ ಮಾತ್ರೆ ನುಂಗಿರಬೇಕು, ಬಿಟ್ಟ ಮೇಲೆ ನುಂಗಿದರೆ ನೋವು ಹಿಡಿತಕ್ಕೆ ಸಿಗಲ್ಲ. ಸೊರಬಕ್ಕೆ ಹೊರಡುವ ದಿನ ದೊಡ್ಡಮ್ಮನ ಮಾತ್ರೆಯ ಹೊತ್ತನ್ನು ಚೀಟಿಯಲ್ಲಿ ಬರೆಸಿಕೊಂಡು, ಅರ್ಧ ದಾರಿಯಲ್ಲಿ ನುಂಗೋದನ್ನು ಅವರ ಪರ್ಸಿನಲ್ಲೇ ಇಟ್ಟುಕೊಟ್ಟೆ.