ರೊಟ್ಟಿ ಬಡಿಯುವ ಚಿಕಿತ್ಸೆ

ಲಿಂಗಸುಗೂರಿನಿಂದ ಹೊರಟ ಹೆದ್ದಾರಿ ಮಸ್ಕಿಯನ್ನು ಹಾದು ಸಿಂಧನೂರಿಗೆ ಬರುತ್ತದೆ. ಅಲ್ಲಿಂದ ತುಂಗಭದ್ರೆಯನ್ನು ದಾಟಿ ಸಿರುಗುಪ್ಪದ ಮೂಲಕ ಬಳ್ಳಾರಿಯನ್ನು ಸೇರುತ್ತದೆ. ರಾಯಚೂರು ಜಿಲ್ಲೆಯ ಈ ಮೂರು ಊರುಗಳೂ ಮೂರು ಬಗೆಯವು. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿಯಿದೆ. ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವಿದೆ. ‘ದೇವಾನಾಂಪ್ರಿಯ’ನೆಂಬಾತ ಅಶೋಕನೇ ಎಂದು ಲೋಕಕ್ಕೆ ಖಚಿತಪಡಿಸಿದ ಕಲ್ಲು ಅದು. ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆಯ ಕಾಲುವೆ ಹರಿದಲ್ಲೆಲ್ಲ ಭತ್ತದ ಗದ್ದೆಗಳು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದೆನೆಂದು ಅಶೋಕ ಹೇಳಿಕೊಂಡದ್ದು ಮಸ್ಕಿಯ ಕಲ್ಲಿನಲ್ಲಲ್ಲ, ಗಿರ್ನಾರ್ ಮೊದಲಾದೆಡೆಗಳ ದೊಡ್ಡ ಬಂಡೆಗಳಲ್ಲಿ. ಹಾಗಿದ್ದರೂ ಆ ಮಾತು ಈ ನಾಡಿಗೇ ಹೆಚ್ಚು ಸಲ್ಲುತ್ತದೆ. ಏಕೆಂದರೆ ಗಣಿಯಲ್ಲಾಗಲಿ ಗದ್ದೆಯಲ್ಲಾಗಲಿ ಇಲ್ಲಿಯ ಜನ ಬದುಕುವುದು ಕೈಕಾಲುಗಳ ಬಲದಿಂದ.

ಅಂಥ ಕೈ ಒಂದು ದಿನ ಸೋತುಹೋದರೆ?

ಐವತ್ತು ದಾಟಿದ ಗೃಹಿಣಿಯೊಬ್ಬಳಿಗೆ ಲಕ್ವ ಹೊಡೆಯಿತೆಂದು ಭಾವಿಸೋಣ. ಆಸ್ಪತ್ರೆಯವರು ಪ್ರಾಣ ಉಳಿಸಿ, ಗುಳಿಗೆಗಳ ಚೀಟಿ ಬರೆದುಕೊಟ್ಟು ಮನೆಗೆ ಕಳಿಸುತ್ತಾರೆ. ಪಡಸಾಲೆಯಲ್ಲಿ ಮಂಚ ಬೀಳುತ್ತದೆ. ಮಕ್ಕಳು ಒಳ್ಳೆಯವರು, ತಾಯಿಯನ್ನು ಒಂದು ಕಡ್ಡಿ ಎತ್ತಲೂ ಬಿಡುವುದಿಲ್ಲ. ಸೊಸೆ ತುತ್ತು ಮಾಡಿ ಉಣಿಸುತ್ತಾಳೆ, ಮಗಳು ತಲೆ ಬಾಚುತ್ತಾಳೆ. ಆರು ತಿಂಗಳು ಕಳೆಯುವ ಹೊತ್ತಿಗೆ ಬಲಭುಜ ಬಿಗಿದುಕೊಂಡಿದೆ, ಬೆರಳುಗಳು ಅಂಗೈಯೊಳಗೆ ಮಡಿಚಿಕೊಂಡಿವೆ. ರೋಗವು ಅರ್ಧ ಕಸಿದುಕೊಂಡಿತು. ಉಳಿದರ್ಧವನ್ನು ಮನೆಯವರ ಮಮತೆಯೇ ಕಟ್ಟಿಹಾಕಿತು. ಇಂಥ ಮನೆಗಳು ಬೆಂಗಳೂರಿನ ಬಡಾವಣೆಗಳಲ್ಲಿಯೂ ಇವೆಯೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ.

ಈ ಮನೆಗೆ ಔದ್ಯೋಗಿಕ ಚಿಕಿತ್ಸೆಯನ್ನು ಬಲ್ಲವರೊಬ್ಬರು ಬಂದರೆ ಅವರು ಮೊದಲು ಕೇಳುವುದು ರೋಗದ ಹೆಸರನ್ನಲ್ಲ. ಬೆಳಗ್ಗೆ ಎದ್ದು ಆಕೆ ಏನೇನು ಮಾಡುತ್ತಿದ್ದಳು ಎಂಬುದನ್ನು. ರಾಯಚೂರು ಸೀಮೆಯಲ್ಲಿ ಆ ಪ್ರಶ್ನೆಗೆ ಜೋಳದ ರೊಟ್ಟಿ ಎಂಬ ಉತ್ತರ ಬಾರದಿರದು. ರೊಟ್ಟಿ ಬಡಿಯುವುದೆಂದರೆ ಸಾಮಾನ್ಯ ವಿದ್ಯೆಯಲ್ಲ. ಹಿಟ್ಟು ನಾದುವಾಗ ಅಂಗೈಯ ಬುಡ ಒತ್ತಬೇಕು, ಮೊಣಕೈ ಚಾಚಬೇಕು, ಭುಜ ಮುಂದೆ ಬಾಗಬೇಕು. ಬಡಿಯುವಾಗ ಬೆರಳುಗಳು ಚಪ್ಪಟೆಯಾಗಿ ತೆರೆದುಕೊಳ್ಳಬೇಕು, ಒಂದು ಕೈ ತಟ್ಟುತ್ತಿರುವಂತೆಯೇ ಇನ್ನೊಂದು ರೊಟ್ಟಿಯನ್ನು ತಿರುಗಿಸಬೇಕು. ಲಕ್ವದ ಕೈ ಮರೆತಿರುವುದು ಸರಿಯಾಗಿ ಇವೇ ಚಲನೆಗಳನ್ನು! ಆಸ್ಪತ್ರೆಯ ಕೋಣೆಯಲ್ಲಿ ಮರದ ಗೂಟಗಳನ್ನು ರಂಧ್ರಗಳಲ್ಲಿ ಸಿಕ್ಕಿಸಿ ತೆಗೆಯುವ ಅಭ್ಯಾಸವನ್ನು ಮಾಡಿಸುವುದುಂಟು. ಆದರೆ ನಲವತ್ತು ವರ್ಷ ಕೈಗೆ ರೂಢಿಯಾದ ಹಿಟ್ಟಿನ ಮುಂದೆ ಆ ಗೂಟಗಳು ಎಷ್ಟರವು? ನೆಲದ ಮೇಲೆ ಕಾಲು ಮಡಿಚಿ ಕೂರಲಾಗದಿದ್ದರೆ ಒಲೆಯನ್ನು ಕಟ್ಟೆಯ ಮೇಲಕ್ಕೆ ಏರಿಸಬೇಕು. ಕೈಯಲ್ಲಿ ಸ್ಪರ್ಶಜ್ಞಾನ ಮರಳದಿರುವಾಗ ಹಂಚಿನ ಬಳಿಗೆ ಬಿಡಬಾರದು, ಸುಟ್ಟದ್ದೂ ತಿಳಿಯುವುದಿಲ್ಲ. ಆಕೆ ಬಡಿಯಲಿ, ಬೇಯಿಸುವ ಕೆಲಸವನ್ನು ಸದ್ಯಕ್ಕೆ ಸೊಸೆ ನೋಡಿಕೊಳ್ಳಲಿ. ಮೊದಲ ವಾರದ ರೊಟ್ಟಿ ದುಂಡಗಿರುವುದಿಲ್ಲ. ಅದನ್ನು ನಗದೆ ತಿನ್ನುವುದು ಮನೆಯವರ ಪಾಲಿನ ಚಿಕಿತ್ಸೆ.

ಈ ವಿದ್ಯೆಗೆ ಕನ್ನಡದಲ್ಲಿ ಇಟ್ಟಿರುವ ಹೆಸರು ಅಷ್ಟೊಂದು ಸಮರ್ಪಕವಾಗಿಲ್ಲ. ‘ಔದ್ಯೋಗಿಕ’ ಎಂದೊಡನೆ ಕಾರ್ಖಾನೆಯೂ ‘ವೃತ್ತಿ’ ಎಂದೊಡನೆ ಸಂಬಳವೂ ನೆನಪಿಗೆ ಬರುತ್ತವೆ. ಇಲ್ಲಿ ಅಭಿಪ್ರೇತವಾಗಿರುವುದು ಸ್ನಾನದಿಂದ ಹಿಡಿದು ಬಿತ್ತನೆಯವರೆಗೆ ಮನುಷ್ಯನ ದಿನವನ್ನು ತುಂಬುವ ಸಮಸ್ತ ಕಾರ್ಯ. ಶರಣರ ನಾಡಿನವರು ‘ಕಾಯಕ ಚಿಕಿತ್ಸೆ’ ಎಂದಿದ್ದರೆ ಹಳ್ಳಿಯವನಿಗೂ ಅರ್ಥವಾಗುತ್ತಿತ್ತು.

ಇದು ಒಂದು ಶಾಸ್ತ್ರವಾಗಿ ರೂಪುಗೊಂಡದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. 1917ರ ಮಾರ್ಚಿಯಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬಲ್ಲಿ ಕೆಲವರು ಸೇರಿ ಇದರ ಪ್ರಥಮ ಸಂಘವನ್ನು ಕಟ್ಟಿದರು. ಅವರನ್ನು ಕರೆಸಿದ ಜಾರ್ಜ್ ಬಾರ್ಟನ್ ವೈದ್ಯನಲ್ಲ, ಕಟ್ಟಡಗಳ ಶಿಲ್ಪಿ. ಕ್ಷಯದಿಂದ ನರಳಿ, ಎಡಮಗ್ಗುಲು ಸೋತು, ತೋಟಗೆಲಸ ಮರಗೆಲಸಗಳಿಂದ ಚೇತರಿಸಿಕೊಂಡವನು. ಭಾರತಕ್ಕೆ ಇದನ್ನು ತಂದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ, ಮರಾಠಿ ಮನೆತನದ ಸೊಸೆಯಾಗಿ ಬಂದ ಈ ಮಹಿಳೆ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ಶಾಲೆಯನ್ನು ತೆರೆದರು. ಎರಡೇ ವರ್ಷಗಳಲ್ಲಿ, 1952ರಲ್ಲಿ, ಈ ವೃತ್ತಿಯ ವಿಶ್ವ ಒಕ್ಕೂಟ ಹುಟ್ಟಿದಾಗ ಅದರ ಹತ್ತು ಸ್ಥಾಪಕ ರಾಷ್ಟ್ರಗಳಲ್ಲಿ ಭಾರತವೂ ಒಂದಾಗಿತ್ತು.

ಕರ್ನಾಟಕದಲ್ಲಿ ಈ ವಿಚಾರ ಹಳ್ಳಿಯ ದಾರಿ ಹಿಡಿದದ್ದು ಮನೋರೋಗಗಳ ಮೂಲಕ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. 1994ರಲ್ಲಿ ಅದಕ್ಕೆ ವಿಶ್ವವಿದ್ಯಾಲಯದ ಮನ್ನಣೆ ದೊರೆಯಿತು. ಅಲ್ಲಿಯ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಮುದ್ರಣ, ಹೊಲಿಗೆ, ಮರಗೆಲಸ, ತೋಟಗಾರಿಕೆಗಳ ಅಭ್ಯಾಸವುಂಟು. ಬಹಳ ಜನಕ್ಕೆ ಅದರಿಂದ ಉಪಕಾರವಾಗಿದೆ. ಆದರೆ ಬ್ರೆಡ್ಡು ಸುಡಲು ಕಲಿತವನು ಗುಣವಾಗಿ ಮಸ್ಕಿಯ ಕಡೆಯ ತನ್ನೂರಿಗೆ ಮರಳಿದರೆ ಅಲ್ಲಿ ಬೇಕರಿಯ ಒಲೆ ಎಲ್ಲಿದೆ? ಅಲ್ಲಿರುವುದು ಹತ್ತಿ ಬಿಡಿಸುವ ಕೆಲಸ, ಕುರಿ ಮೇಯಿಸುವ ಕೆಲಸ. ಅದನ್ನು ಕೊಡಬೇಕಾದವರು ವೈದ್ಯರಲ್ಲ, ಅಣ್ಣತಮ್ಮಂದಿರು ಮತ್ತು ಊರಿನವರು. ಅವರಿಗೋ ಅವನೆಂದರೆ ಭಯ.

ಬಂಧುಗಳನ್ನು ಹೊರಗಿಟ್ಟು ರೋಗಿಯನ್ನು ಗುಣಪಡಿಸಲಾಗದೆಂಬುದನ್ನು 1950ರ ದಶಕದಲ್ಲಿಯೇ ಅಮೃತಸರದ ಡಾ. ವಿದ್ಯಾಸಾಗರ್ ಮಾಡಿ ತೋರಿಸಿದ್ದರು. ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ ಮನೆಯವರನ್ನೂ ರೋಗಿಯೊಡನೆ ಇರಿಸಿಕೊಂಡವರು ಅವರು. ನಿಮ್ಹಾನ್ಸ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟು ತಾನೇ ಊರಿಗೆ ಹೋಯಿತು. 1970ರ ದಶಕದ ನಡುವೆ ಬನ್ನೇರುಘಟ್ಟ ರಸ್ತೆಯ ಸಕಲವಾರದಲ್ಲಿ ಸಮುದಾಯ ಘಟಕವನ್ನು ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗಗಳ ಪ್ರಾಥಮಿಕ ಜ್ಞಾನವನ್ನು ಕಲಿಸತೊಡಗಿತು. ಡಾ. ಸಿ. ಆರ್. ಚಂದ್ರಶೇಖರ್ ಅವರಂಥವರು ಈ ವಿಷಯವನ್ನು ತಿಳಿಗನ್ನಡದಲ್ಲಿ ಪುಸ್ತಕಗಳ ಮೇಲೆ ಪುಸ್ತಕ ಬರೆದು ಮನೆಮನೆಗೆ ಮುಟ್ಟಿಸಿದ್ದು ಸಣ್ಣ ಸೇವೆಯಲ್ಲ.

1985ರಲ್ಲಿ ಈ ಪ್ರಯೋಗ ಒಂದಿಡೀ ಜಿಲ್ಲೆಗೆ ವಿಸ್ತರಿಸಿತು. ಆರಿಸಿಕೊಂಡದ್ದು ಬಳ್ಳಾರಿ. ಆಗ ಅದರ ಜನಸಂಖ್ಯೆ ಸುಮಾರು 15 ಲಕ್ಷ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ, ಆ ಕೇಂದ್ರಗಳಲ್ಲಿಯೇ ಅತ್ಯಗತ್ಯವಾದ ಔಷಧ, ಸರಳವಾದ ದಾಖಲೆ, ಜಿಲ್ಲಾ ಕೇಂದ್ರದಲ್ಲಿ ಒಂದು ತಜ್ಞರ ತಂಡ: ಇಷ್ಟೇ ಅದರ ಬಂಡವಾಳ. ಐದು ವರ್ಷಗಳ ಈ ಪ್ರಯೋಗ ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. ಸಿಂಧನೂರಿನವರು ಹೊಳೆ ದಾಟಿದರೆ ಸಿರುಗುಪ್ಪ. ದೇಶಕ್ಕೆ ಮಾದರಿಯಾದ ವ್ಯವಸ್ಥೆ ಆಚೆ ದಡದಲ್ಲಿಯೇ ಹುಟ್ಟಿತ್ತು.

ಬಳ್ಳಾರಿ ಮಾದರಿಯ ಹಿರಿಮೆಯನ್ನು ಒಪ್ಪಿಕೊಂಡೇ ಒಂದು ಕೊರತೆಯನ್ನು ಹೇಳಬೇಕು. ಅದರ ಹಾದಿಯಲ್ಲಿ ಗುಳಿಗೆ ಹಳ್ಳಿಗೆ ಬಂದಿತು, ಕಾಯಕ ಅಷ್ಟಾಗಿ ಬರಲಿಲ್ಲ. ಗುಳಿಗೆಯನ್ನು ಕಡೆಗಣಿಸುವಂತಿಲ್ಲ. ಗ್ರಾಮೀಣ ಭಾಗದ ಎಂಟು ಸಮುದಾಯಗಳಲ್ಲಿ, ಚಿಕಿತ್ಸೆಯಿಲ್ಲದೆ ಸ್ಕಿಜೋಫ್ರೀನಿಯದಿಂದ ಬಳಲುತ್ತಿದ್ದ 100 ಮಂದಿಗೆ ಔಷಧವನ್ನೂ ಆಸರೆಯನ್ನೂ ಒದಗಿಸಿ ಒಂದೂವರೆ ವರ್ಷ ಗಮನಿಸಿದ ಅಧ್ಯಯನವೊಂದನ್ನು ನಿಮ್ಹಾನ್ಸ್ ತಜ್ಞರು 2005ರಲ್ಲಿ ಪ್ರಕಟಿಸಿದರು. ರೋಗಲಕ್ಷಣವೂ ಅಸಾಮರ್ಥ್ಯವೂ ಮನೆಯವರ ಹೊರೆಯೂ ಇಳಿದಿದ್ದುವು. ಚಿಕಿತ್ಸೆಗೆ ತಗುಲಿದ ಹೆಚ್ಚಿನ ಖರ್ಚು, ಮನೆಯವರ ಕಾಲ ಉಳಿದದ್ದರಿಂದಲೇ ಬಹುಮಟ್ಟಿಗೆ ತೂಗಿಹೋಗಿತ್ತು. ಅದೇ ಹೊತ್ತಿನಲ್ಲಿ ಮಲೆನಾಡಿನ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಇಂಥ ರೋಗಿಗಳನ್ನು ಗುರುತಿಸಿ ವರ್ಷಾನುಗಟ್ಟಲೆ ಕೈಬಿಡದೆ ನೋಡಿಕೊಳ್ಳುವ ಕಾರ್ಯವೂ ಮೊದಲಾಯಿತು. ಆದರೆ ಗುಣವಾದವನು ಮುಂಜಾನೆ ಎದ್ದು ಎಲ್ಲಿಗೆ ಹೋಗಬೇಕು? ಆ ಪ್ರಶ್ನೆಗೆ ಗುಳಿಗೆಯಲ್ಲಿ ಉತ್ತರವಿಲ್ಲ.

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ 2016ರಿಂದೀಚೆಗೆ ನಡೆದ ಕಾರ್ಯ ಈ ದೃಷ್ಟಿಯಿಂದ ಗಮನಾರ್ಹವಾದುದು. ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಎ.ಪಿ.ಡಿ. ಎಂಬ ವಿಕಲಚೇತನರ ಸಂಸ್ಥೆ, ನಿಮ್ಹಾನ್ಸ್, ಜಿಲ್ಲಾ ಕಾರ್ಯಕ್ರಮದ ವೈದ್ಯರು, ಊರಿನ ಆಶಾ ಕಾರ್ಯಕರ್ತೆಯರು ಇಲ್ಲಿ ಕೂಡಿಕೊಂಡರು. ತೀವ್ರ ಮನೋರೋಗದಿಂದ ಚೇತರಿಸಿಕೊಂಡವರಿಗೆ ಆಗ ಜಾರಿಯಲ್ಲಿದ್ದ ಮಹಾತ್ಮಾ ಗಾಂಧಿ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕೆಲಸ ಕೊಡಿಸುವ ಪ್ರಯತ್ನವೂ ನಡೆಯಿತು. ನೆರೆಯವರೊಂದಿಗೆ ಕೆರೆಯ ಹೂಳೆತ್ತಿ ಕೂಲಿ ಪಡೆಯುವವನನ್ನು ಊರು ಎಷ್ಟು ಕಾಲ ಹೆದರಿಕೆಯಿಂದ ನೋಡೀತು?

ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರಿದ್ದಾರೆ. ಸಾಮಾನ್ಯವಾಗಿ ಇವರೂ ವಿಕಲಚೇತನರೇ; ಪಡೆಯುವುದು ಸಂಬಳವಲ್ಲ, ಅಲ್ಪವಾದ ಗೌರವಧನ. ಪ್ರಮಾಣಪತ್ರ, ಪಿಂಚಣಿ, ಗಾಲಿಕುರ್ಚಿಗಳ ಅರ್ಜಿಗಳಲ್ಲೇ ಇವರ ದಿನ ಮುಗಿಯುತ್ತದೆ. 2016ರ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದ ಮೇಲೆ ಅರ್ಜಿಗಳೂ ಹೆಚ್ಚಿದುವು. ಇವರಿಗೆ ಕೈ ಹಿಡಿದು ಕಲಿಸುವ ಗುರುವೊಬ್ಬ ದೊರೆತರೆ ಊರಿಗೊಬ್ಬ ಅರೆಚಿಕಿತ್ಸಕ ಸಿಕ್ಕಂತೆ. ವಿಶ್ವವಿದ್ಯಾಲಯಕ್ಕೆ ಹಳ್ಳಿಯಲ್ಲಿ ಇದಕ್ಕಿಂತ ಹೆಚ್ಚು ಪ್ರಯೋಜನಕರವಾದ ಕೆಲಸ ಇನ್ನೊಂದಿರಲಾರದು.

ಇದರ ಅಗತ್ಯವನ್ನು ಅರಿಯಲು ‘ಗುಳೆ’ ಎಂಬ ಒಂದು ಮಾತು ಸಾಕು. ಮಳೆ ಕೈಕೊಟ್ಟ ವರ್ಷ ಲಿಂಗಸುಗೂರು, ಮಸ್ಕಿಗಳ ಒಣಭೂಮಿಯ ಸಂಸಾರಗಳು ಬೆಂಗಳೂರಿಗೆ ಹೊರಡುತ್ತವೆ. ನಗರದ ಮಹಡಿಗಳ ಮೇಲೆ ಗಾರೆ ಹೊರುವವರಲ್ಲಿ ಒಬ್ಬ ಕಾಲುಜಾರಿ ಬಿದ್ದು ಬೆನ್ನುಹುರಿ ಮುರಿದುಕೊಂಡರೆ, ಮಹಡಿಯ ಮನೆ ಪೂರ್ಣವಾಗುತ್ತದೆ, ಆತ ಊರಿನ ಮಂಚಕ್ಕೆ ಮರಳುತ್ತಾನೆ. ಅಲ್ಲಿ ಅವನನ್ನು ಕೊಲ್ಲುವುದು ಬಹುಮಟ್ಟಿಗೆ ಬೆನ್ನಿನ ಪೆಟ್ಟಲ್ಲ, ಮಲಗಿದಲ್ಲೇ ಮಲಗಿದ್ದರಿಂದ ಆಗುವ ಹುಣ್ಣು ಮತ್ತು ಮೂತ್ರದ ಸೋಂಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಚರ್ಮವನ್ನು ದಿನವೂ ನೋಡಬೇಕು, ಸ್ವಚ್ಛವಾದ ಕೊಳವೆಯಿಂದ ಮೂತ್ರ ತೆಗೆಯುವುದನ್ನು ಕಲಿಯಬೇಕು. ಇವನ್ನು ಹೆಂಡತಿಗೂ ಅವನಿಗೂ ಅವರ ಮನೆಯಲ್ಲಿಯೇ ಕಲಿಸುವವರು ಬೇಕು. ಆಮೇಲೆ ತೋಳ್ಬಲದಿಂದ ಮಂಚದಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಒಂದು ಕಿರಾಣಿ ಅಂಗಡಿಗೆ. ರಾಯಚೂರು, ಕೊಪ್ಪಳಗಳ ಭಾಗದಲ್ಲಿ ‘ಸಮೂಹ’ ಸಂಸ್ಥೆ ವಿಕಲಚೇತನರ ನಡುವೆ ಸಮುದಾಯದ ನೆಲೆಯಲ್ಲಿ ಇಂಥ ಪುನರ್ವಸತಿ ಕಾರ್ಯ ಮಾಡಿಕೊಂಡು ಬಂದಿದೆ.

ವಿಶ್ವವಿದ್ಯಾಲಯದವರು ಹಳ್ಳಿಗೆ ಬರುವುದನ್ನು ಜನ ಸಂಶಯದಿಂದ ನೋಡುವುದುಂಟು. ಬರುತ್ತಾರೆ, ಎಣಿಸುತ್ತಾರೆ, ಚಿತ್ರ ತೆಗೆಯುತ್ತಾರೆ, ಪದವಿ ಪಡೆಯುತ್ತಾರೆ, ಮತ್ತೆ ಬರುವುದಿಲ್ಲ. ಈ ದೂರು ಪೂರ್ತಿ ಅನ್ಯಾಯದ್ದಲ್ಲ. ನಿಜವಾದ ಸಹಭಾಗಿತ್ವದಲ್ಲಿ ಹಳ್ಳಿಯವನೂ ಗುರುವಾಗಬೇಕು. ನಾಟಿ ಹಚ್ಚುವ ಹೆಂಗಸು ಕೆಸರಿನಲ್ಲಿ ಬೆನ್ನು ಬಾಗಿಸಿ ಹೇಗೆ ಹಿಂದೆ ಸರಿಯುತ್ತಾಳೆ ಎಂಬುದನ್ನು ನೋಡದ ವಿದ್ಯಾರ್ಥಿ, ಸೊಂಟ ನೋಯುವವಳಿಗೆ ಏನು ಹೇಳಿಕೊಟ್ಟಾನು? ಸಿಂಧನೂರಿನಲ್ಲಿ ಇನ್ನೂ ಒಂದು ವಿಶೇಷವುಂಟು. ‘ಪುನರ್ವಸತಿ’ ಎಂದರೆ ಅಲ್ಲಿಯ ಹಿರಿಯರಿಗೆ ನೆನಪಾಗುವುದು ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗಾಗಿ 1970ರ ಆಸುಪಾಸಿನಲ್ಲಿ ನೆಲೆಗೊಳಿಸಿದ ಆರ್.ಎಚ್. ಕ್ಯಾಂಪುಗಳು. ಕಾಲುವೆಯ ನೀರನ್ನು ನೆಚ್ಚಿ ಬಂದ ಆಂಧ್ರದ ರೈತರ ಕ್ಯಾಂಪುಗಳೂ ಇವೆ. ಅಲ್ಲಿಯ ಅಜ್ಜಿಗೆ ರೊಟ್ಟಿಯ ಚಿಕಿತ್ಸೆ ಸಲ್ಲದು. ಆಕೆಯ ಕೈ ಅನ್ನ ಬಸಿಯಬೇಕು, ಮೀನು ಹೆಚ್ಚಬೇಕು.

2022ರ ಮೇ ತಿಂಗಳಿನಲ್ಲಿ ರಾಯಚೂರಿನ ಜನ ಏಮ್ಸ್ ಆಸ್ಪತ್ರೆಗಾಗಿ ಧರಣಿ ಕೂತು ನೂರಾರು ದಿನ ಅಲುಗಲಿಲ್ಲ. ಬೇಡಿಕೆ ನ್ಯಾಯವಾದುದೇ. ದೊಡ್ಡ ಆಸ್ಪತ್ರೆ ಬಂದರೂ, ಅಲ್ಲಿಂದ ಮನೆಗೆ ಬಂದ ರೋಗಿಯ ಎರಡನೆಯ ದಿನದ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಸದ್ಯಕ್ಕೆ ಇರುವ ಬಾಗಿಲುಗಳು ಎಲ್ಲರಿಗೂ ತಿಳಿದಿಲ್ಲ. ವಿಕಲಚೇತನರಿರುವ ಮನೆಯವರು ತಮ್ಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತನನ್ನು, ತಾಲ್ಲೂಕಿನಲ್ಲಾದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತನನ್ನು ವಿಚಾರಿಸಬಹುದು. ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ಮನಸ್ಸಿನ ತೊಂದರೆಗಳಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ 14416, ಹಣ ಕೊಡಬೇಕಾಗಿಲ್ಲ. ಕನ್ನಡದಲ್ಲಿ ಮಾತನಾಡಬಹುದು, ಬೇರೆ ಭಾಷೆಗಳನ್ನೂ ಆರಿಸಿಕೊಳ್ಳಬಹುದಾದ್ದರಿಂದ ಸಿಂಧನೂರಿನ ಕ್ಯಾಂಪಿನವರು ತಮ್ಮ ಮನೆಮಾತಿನಲ್ಲಿಯೇ ಸಂಕಟ ಹೇಳಿಕೊಳ್ಳುವುದಕ್ಕೂ ಅಲ್ಲಿ ಅವಕಾಶವಿದೆ.